ಥಿಸಲ್ ಕ್ಲಬ್ಬಿನ ಮೊದಲ ಗೆರೆಗಳು

ಆ ಗೆರೆ ಎಳೆದವನು ನಾನೇ. ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಕೇಳಿದವರು ಅದನ್ನು ರಂಜಿತನ ತಲೆಗೋ ಜಲೀಲನ ತಲೆಗೋ ಕಟ್ಟಬಾರದು.

ಜೆಬೆಲ್ ಅಲಿ ಪೋರ್ಟಿನ ಹತ್ತಿರ, ಕೆಲಸಗಾರರಾದ ನಮ್ಮ ಕ್ಯಾಂಪಿನ ಹಿಂದೆ, ಗೋದಾಮುಗಳ ಸಾಲು ಮುಗಿಯುವಲ್ಲಿ ಒಂದು ಖಾಲಿ ಜಾಗ ಇತ್ತು. ಎರಡು ಸಾವಿರದ ಹನ್ನೆರಡನೇ ಇಸವಿಯ ಚಳಿಗಾಲದಲ್ಲಿ ಏಳು ಜನ ಸ್ಕಾಟ್ಲೆಂಡಿನವರು ಸಂಜೆ ಹೊತ್ತು ಅಲ್ಲಿಗೆ ಬರತೊಡಗಿದರು. ಮೊಟ್ಟೆಯ ಆಕಾರದ ಒಂದು ಚೆಂಡು. ಅದನ್ನು ಹಿಡಿದುಕೊಂಡು ಒಬ್ಬ ಓಡುವುದು, ಉಳಿದವರು ಅವನನ್ನು ಕೆಡವಿ ಮೇಲೆ ಬೀಳುವುದು. ಬರೀ ಮರಳು. ಬಿದ್ದಲ್ಲೆಲ್ಲ ಚರ್ಮ ಹೋಗುತ್ತಿತ್ತು. ಪೋರ್ಟಿನಲ್ಲಿ ಯಾರ ಮೊಣಕೈಗೆ ಬಿಳಿ ಪಟ್ಟಿ ಕಾಣುತ್ತದೋ ಅವನು ಥಿಸಲ್ ಕ್ಲಬ್ಬಿನವನು ಎಂದು ಜನ ಗುರುತು ಹಿಡಿಯುತ್ತಿದ್ದರು. ಥಿಸಲ್ ಎಂದರೆ ಅವರ ದೇಶದ ಒಂದು ಮುಳ್ಳುಗಿಡ. ನೇರಳೆ ಹೂವು ಬಿಡುತ್ತದಂತೆ. ಅವರ ಅಂಗಿಯ ಬಣ್ಣವೂ ಅದೇ.

ಕ್ಲಬ್ಬು ಕಟ್ಟಿದವರು ಇನ್ನೆಸ್ ಸಾಹೇಬರು. ಪೋರ್ಟಿನ ಕ್ರೇನುಗಳ ಇಂಜಿನಿಯರು, ನಲವತ್ತೊಂದು ವರ್ಷ, ಬಾಗಿಲಿನಷ್ಟು ಅಗಲದ ಮನುಷ್ಯ. ಅವರ ಊರಿನಲ್ಲಿ ಉಣ್ಣೆಯ ಗಿರಣಿ ಇತ್ತಂತೆ. ಗಿರಣಿಯ ಕೆಲಸಗಾರರು ಸೇರಿ ಕಟ್ಟಿದ ರಗ್ಬಿ ಕ್ಲಬ್ಬಿನಲ್ಲಿ ಅವರ ಅಜ್ಜ ಆಡಿದ್ದರು, ಅಪ್ಪ ಆಡಿದ್ದರು. ಗಿರಣಿ ಮುಚ್ಚಿತು, ಕ್ಲಬ್ಬು ಉಳಿಯಿತು. ಅಂಥದ್ದೇ ಒಂದು ಇಲ್ಲಿ ಬೇಕು ಎಂಬುದು ಅವರ ಹಟ.

ನಾನಾಗ ಕ್ಯಾಂಪಿನಲ್ಲಿ ಗಿಡಗಳಿಗೆ ನೀರು ಹಾಕುವವನು. ನಮ್ಮ ಬ್ಲಾಕಿನ ಏಸಿಗಳಿಂದ ತೊಟ್ಟಿಕ್ಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗೋಡೆಯ ಬದಿಯಲ್ಲಿ ಬಸಳೆ ಹಬ್ಬಿಸಿದ್ದೆ. ಒಂದು ದಿನ ಇನ್ನೆಸ್ ಸಾಹೇಬರು ಆ ಬಸಳೆಯ ಎದುರು ನಿಂತು ತುಂಬ ಹೊತ್ತು ನೋಡಿದರು. ಮರುವಾರ ಕಂಪನಿಯವರ ಹತ್ತಿರ ಮಾತಾಡಿ ನನ್ನನ್ನು ಮೈದಾನಕ್ಕೆ ಹಾಕಿಸಿಕೊಂಡರು. ಅವರ ಮಾತು ನನಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಅವರ ಕೈಗಳು ಹೇಳುತ್ತಿದ್ದವು.

ಹುಲ್ಲಿನ ಬಳ್ಳಿಯನ್ನು ಗೇಣುಗೇಣು ತುಂಡು ಮಾಡಿ ನೆಟ್ಟೆವು. ಟ್ಯಾಂಕರಿನಲ್ಲಿ ಬರುವುದು ಚರಂಡಿಯ ನೀರನ್ನು ಶುದ್ಧ ಮಾಡಿ ಕಳಿಸಿದ ನೀರು. ಅದನ್ನು ಸೂರ್ಯ ಹುಟ್ಟುವ ಮೊದಲು ಒಮ್ಮೆ, ಮುಳುಗಿದ ಮೇಲೆ ಒಮ್ಮೆ ಬಿಡಬೇಕು. ಜೂನ್ ತಿಂಗಳಲ್ಲಿ ಅರ್ಧ ಸುಟ್ಟುಹೋಯಿತು. ಮತ್ತೆ ನೆಟ್ಟೆ. ಅಷ್ಟರಲ್ಲಿ ಏಳು ಜನ ಇದ್ದವರು ಇಪ್ಪತ್ತೆರಡು ಆಗಿದ್ದರು. ಬೇರೆಯವರ ಮೈದಾನಕ್ಕೆ ಹೋಗಿ ಸೋತು ಬರುತ್ತಿದ್ದರು, ನಗುತ್ತ ಬರುತ್ತಿದ್ದರು. ಸ್ವಂತ ಮೈದಾನ ಇಲ್ಲದ ಕ್ಲಬ್ಬನ್ನು ಲೀಗಿಗೆ ಸೇರಿಸುವುದಿಲ್ಲ ಎಂದು ಸಮಿತಿಯವರು ಹೇಳಿದ್ದರು. ಜಾಗದ ಮಾಲೀಕ ಅರಬಾಬನದೂ ಒಂದು ಮಾತಿತ್ತು. ಫೆಬ್ರವರಿಯೊಳಗೆ ಲೀಗಿಗೆ ಸೇರಿದರೆ ಜಾಗ ನಿಮಗೆ, ಇಲ್ಲದಿದ್ದರೆ ಮಾರ್ಚ್ ಒಂದರಿಂದ ಅಲ್ಲಿ ಕಂಟೇನರು ಪೇರಿಸುತ್ತೇನೆ.

ಕೊನೆಗೆ ದಿನ ಗೊತ್ತಾಯಿತು. ಎರಡು ಸಾವಿರದ ಹದಿನಾಲ್ಕು, ಫೆಬ್ರವರಿಯ ಕೊನೆಯ ಶುಕ್ರವಾರ, ಸಂಜೆ ನಾಲ್ಕು ಗಂಟೆ. ಅಬುಧಾಬಿಯ ತಂಡ ಬಂದು ಆಡುತ್ತದೆ. ಸಮಿತಿಯ ಒಬ್ಬರು ನೋಡಿ ಒಪ್ಪಬೇಕು. ಅದು ತಪ್ಪಿದರೆ ಇನ್ನೊಂದು ಶುಕ್ರವಾರ ಇಲ್ಲ. ಇನ್ನೆಸ್ ಸಾಹೇಬರೇ ಕ್ಯಾಪ್ಟನ್. ಈ ವಯಸ್ಸಿನಲ್ಲಿ ಇದೊಂದು ಆಟ ಆಡಿ ಬೂಟು ತೆಗೆದಿಡುತ್ತೇನೆ ಎಂದು ಎಲ್ಲರಿಗೂ ಹೇಳಿದ್ದರು.

ಗೆರೆ ಎಳೆಯುವ ಪೇಂಟು ಗುರುವಾರ ಬರಬೇಕಿತ್ತು. ಬರಲಿಲ್ಲ. ಫೋನು ಮಾಡಿದರೆ ಅಂಗಡಿಯವರು ಎತ್ತಲಿಲ್ಲ. ಇನ್ನೆಸ್ ಸಾಹೇಬರು ಸಂಜೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. ಅಷ್ಟು ದೊಡ್ಡ ಮನುಷ್ಯ ಸಣ್ಣದಾಗಿ ಕಂಡರು.

"ಪೂವಾ, ಗೆರೆ ಇಲ್ಲದಿದ್ದರೆ ಆಟ ಇಲ್ಲ" ಎಂದರು.

"ನೋ ಪ್ರಾಬ್ಲಮ್ ಸರ್. ನಾಳೆ ಹನ್ನೆರಡಕ್ಕೆ ರೆಡಿ" ಎಂದೆ.

ಅಷ್ಟು ಧೈರ್ಯವಾಗಿ ಹೇಳಲು ಕಾರಣ ಇತ್ತು. ಕಿನ್ನಿಗೋಳಿಯಲ್ಲಿ ನಾನು ಹುಡುಗನಾಗಿದ್ದಾಗಿನಿಂದ ಯುವಕ ಮಂಡಲದ ವಾಲಿಬಾಲ್ ಅಂಕಣಕ್ಕೆ, ಕಬಡ್ಡಿ ಅಂಕಣಕ್ಕೆ ಗೆರೆ ಹಾಕುವವನು ನಾನೇ. ಹಗ್ಗ ಎಳೆದು ಕಟ್ಟುವುದು, ತಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬದಲ್ಲಿ ಸುಣ್ಣದ ಪುಡಿ ತುಂಬಿ ಹಗ್ಗದ ಮೇಲೆ ಕುಟ್ಟುತ್ತ ಹೋಗುವುದು. ನಾನು ಹಾಕಿದ ಗೆರೆ ಸೊಟ್ಟ ಆಯಿತೆಂದು ಯಾರೂ ಹೇಳಿದ್ದಿಲ್ಲ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಅಲ್ ಕೂಜ್‌ನಲ್ಲಿ ಜಲೀಲನ ಅಂಗಡಿಯ ಶಟರು ತಟ್ಟಿದೆ. ಜಲೀಲ ಉಳ್ಳಾಲದ ಬ್ಯಾರಿ, ಸಿಮೆಂಟು, ಬಣ್ಣ, ಸುಣ್ಣದ ವ್ಯಾಪಾರ. ಅಂಗಡಿಯ ಹಿಂದೆಯೇ ಮಲಗುವುದು.

"ಎಂತ ಪೂವಪ್ಪಣ್ಣ, ಶುಕ್ರವಾರ ಕೂಡ ನಿಮ್ಗೆ ನಿದ್ರೆ ಇಲ್ವಾ? ಯಾರ ಮನೆಗೆ ಸುಣ್ಣ?"

"ಮನೆಗಲ್ಲ ಮಾರಾಯ, ಮೈದಾನಕ್ಕೆ."

"ಮೈದಾನಕ್ಕೆ ಸುಣ್ಣ ಹೊಡಿಯುದಾ? ನೆಲಕ್ಕೂ ಮದುವೆ ಉಂಟಾ ಈ ಊರಲ್ಲಿ?" ಎಂದು ನಗುತ್ತ ಹತ್ತು ಚೀಲ ಪಿಕಪ್ಪಿಗೆ ಹಾಕಿದ. ಅವನೇ ಗಾಡಿ ಓಡಿಸಿಕೊಂಡು ಬಂದು ಇಳಿಸಿ ಹೋದ.

ಸುಣ್ಣದ ಕೆಲಸಕ್ಕೆ ಮೊದಲು ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಆ ದಿನವೂ ಹಚ್ಚಿಕೊಂಡೆ. ಯಾಕೆ ಹಚ್ಚುತ್ತೇವೆ ಎಂದು ಕೈಗೆ ಗೊತ್ತಿತ್ತು. ತಲೆ ಯೋಚಿಸಲಿಲ್ಲ.

ಬೆಳಗಿನ ನೀರಿನಿಂದ ಹುಲ್ಲು ಇನ್ನೂ ಹಸಿ ಇತ್ತು. ಪುಡಿ ಚೆನ್ನಾಗಿ ಹಿಡಿಯಿತು. ಹನ್ನೊಂದೂವರೆಗೆ ಮುಗಿಯಿತು. ಹಸಿರಿನ ಮೇಲೆ ಬಿಳಿ ಗೆರೆ ಕಣ್ಣಿಗೆ ಹೊಡೆಯುವ ಹಾಗಿತ್ತು. ಇನ್ನೆಸ್ ಸಾಹೇಬರು ಬಂದು ನೋಡಿ ನನ್ನ ಬೆನ್ನಿಗೆ ಒಂದು ಕೊಟ್ಟರು. ಅದು ಹೊಗಳಿಕೆ, ಆದರೂ ಎರಡು ಹೆಜ್ಜೆ ಮುಂದೆ ಹೋಗಿದ್ದೆ.

ಮೂರು ಗಂಟೆಗೆ ಅಬುಧಾಬಿಯ ಬಸ್ಸು ಬಂತು. ಸಮಿತಿಯ ಮನುಷ್ಯನೂ ಬಂದರು. ತೆಳ್ಳಗೆ, ನೆರೆತ ಕೂದಲು, ಕಂಕುಳಲ್ಲಿ ಒಂದು ಫೈಲು. ಯಾರ ಹತ್ತಿರವೂ ನಗಲಿಲ್ಲ. ಗೋಲಿನ ಕಂಬಗಳನ್ನು ಅಲ್ಲಾಡಿಸಿ ನೋಡಿದರು, ಹುಲ್ಲನ್ನು ಬೂಟಿನ ತುದಿಯಿಂದ ಒತ್ತಿದರು, ಏನೋ ಬರೆದುಕೊಂಡರು. ಪೆಟ್ಟಾದರೆ ನೋಡಿಕೊಳ್ಳಲು ರೆಜಿನಾ ಸಿಸ್ಟರ್ ಬಂದಿದ್ದರು. ಅಲ್ ಮುರಕ್ಕಬಾತ್‌ನ ಒಂದು ಕ್ಲಿನಿಕ್ಕಿನಲ್ಲಿ ನರ್ಸು, ನಮ್ಮ ಕಿನ್ನಿಗೋಳಿ ಕಡೆಯವರೇ.

ಮೂರು ಇಪ್ಪತ್ತು. ನಮ್ಮವರು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಇನ್ನೆಸ್ ಸಾಹೇಬರು ಹೊಸಬರಿಗೆ ಏನೋ ತೋರಿಸಲೆಂದು ಚೆಂಡು ಎದೆಗೆ ಒತ್ತಿಕೊಂಡು ಓಡಿ ಬಂದು, ನಾನು ನಿಂತ ಕಡೆಯ ಕೊನೆಯ ಗೆರೆಯ ಮೇಲೆ ಮುಖ ಅಡಿಯಾಗಿ ಧೊಪ್ಪನೆ ಬಿದ್ದರು. ಚೆಂಡನ್ನು ಗೆರೆಗೆ ಒತ್ತಿ ಹಿಡಿದರು. ಎಲ್ಲರೂ ಹೋ ಎಂದರು.

ಆಗ ನನಗೆ ಹೊಳೆಯಿತು.

ಒಂದು ವರ್ಷದಿಂದ ಇವರು ಬೀಳುವುದನ್ನು ನೋಡಿದ್ದೇನೆ. ಆದರೆ ಅಭ್ಯಾಸಕ್ಕೆ ಗೆರೆ ಇರಲಿಲ್ಲ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಟೊಪ್ಪಿಗಳನ್ನು ಇಡುತ್ತಿದ್ದರು. ನಮ್ಮೂರಿನ ವಾಲಿಬಾಲಿನಲ್ಲಿ ಗೆರೆ ಕಾಲಿಗೆ ಸಿಗುತ್ತದೆ. ಕಬಡ್ಡಿಯಲ್ಲೂ ಹೆಚ್ಚೆಂದರೆ ಬೆರಳ ತುದಿಗೆ. ಈ ಆಟದಲ್ಲಿ ಗೆಲ್ಲುವುದೇ ಗೆರೆಯ ಮೇಲೆ ಬಿದ್ದು. ಮೂವತ್ತು ಜನ ಬೆವರುವ ಮನುಷ್ಯರು ಆ ಗೆರೆಗೆ ಮುಖ ಒತ್ತುವುದಕ್ಕಾಗಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊಡೆದಾಡುತ್ತಾರೆ. ಎಲೆಗೆ ಸುಣ್ಣ ಹೆಚ್ಚಾದರೆ ನಾಲಿಗೆ ಏನಾಗುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

ಇನ್ನೆಸ್ ಸಾಹೇಬರು ಎದ್ದರು. ಮೀಸೆಯಿಂದ ಹುಬ್ಬಿನವರೆಗೆ ಬಿಳಿ. ನಗುತ್ತಿದ್ದರು. ಎಡಗಣ್ಣನ್ನು ಮುಂಗೈಯಿಂದ ಉಜ್ಜಿದರು. ಮತ್ತೆ ಉಜ್ಜಿದರು.

ನಾನು ಬದಿಗೆ ಹೋಗಿ ಜಲೀಲನಿಗೆ ಫೋನು ಹಚ್ಚಿದೆ. ಬೆರಕೆ ಮಾಲಾದರೆ ಅಷ್ಟು ಸುಡಲಿಕ್ಕಿಲ್ಲ ಎಂಬ ಒಂದು ಆಸೆ ಇತ್ತು.

"ಜಲೀಲ್, ಆ ಪುಡಿಯಲ್ಲಿ ಚಾಕ್‌ಪೀಸಿನ ಪುಡಿ ಗಿಡಿ ಬೆರಕೆ ಉಂಟಾ?"

"ಬೆರಕೆಯಾ? ನನ್ನ ಅಂಗಡಿಯಲ್ಲಾ? ಒಂದು ಚಿಟಿಕೆ ಬೆರಕೆ ಇಲ್ಲ ಪೂವಪ್ಪಣ್ಣ. ಪಕ್ಕಾ ಸುಣ್ಣ. ಮೊನ್ನೆ ಬಂದ ಮಾಲು, ಒಳ್ಳೆ ಖಾರ ಉಂಟು. ಎಂತಕ್ಕೆ, ಬೆಳ್ಳಗಾಗ್ಲಿಲ್ವಾ?"

ಫೋನು ಇಟ್ಟೆ. ರಂಜಿತ ಉಗ್ರಾಣದ ಬಾಗಿಲಿನಲ್ಲಿ ನಿಂತಿದ್ದ. ಕಾಪು ಕಡೆಯ ಹುಡುಗ, ಮೂವತ್ತು ವರ್ಷ, ಕ್ಯಾಂಪಿನ ಸೂಪರ್‌ವೈಸರು. ಸುಣ್ಣ ತರಲು ಗೇಟ್ ಪಾಸಿಗೆ ಸಹಿ ಹಾಕಿದವನು ಅವನೇ. ಹೇಳಿದೆ. ಅವನ ಮುಖ ಬಾಡಿತು.

"ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ."

"ಹೇಳ್ಬೇಡಿ. ಪೂವಪ್ಪಣ್ಣ, ನನ್ನ ಮಾತು ಕೇಳಿ. ಇದು ಊರಲ್ಲ. ಇಂಗ್ರೇಜಿಯವರ ಕಣ್ಣಿಗೆ ಏನಾದ್ರೂ ಆದ್ರೆ ಪೊಲೀಸು, ಕೇಸು, ವಿಸಾ ಖಲಾಸ್. ನಿಮ್ದೂ, ನಂದೂ. ಮರಳು ಹೋಗಿದೆ ಅಂತ ಅವ್ರು ಅಂದ್ಕೊಂಡಿದ್ದಾರೆ. ಅಂದ್ಕೊಳ್ಳಲಿ. ಆಟ ಮುಗಿದ ಮೇಲೆ ನೀರು ಬಿಟ್ಟು ತೊಳ್ದುಬಿಡುವ."

"ಮುಗಿಯುವಷ್ಟರಲ್ಲಿ ಎಷ್ಟು ಜನ ಬೀಳ್ತಾರೆ ಮಾರಾಯ?"

"ಬೀಳುದು ಅವ್ರ ಆಟ. ನಿಮ್ಗೆ ಐವತ್ತೆಂಟು ಆಯ್ತು. ಈಗ ಹೋದ್ರೆ ತಿರುಗಿ ಬರ್ಲಿಕ್ಕೆ ಆಗ್ತದಾ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ನಿಂತೆ. ಹೇಳಿದರೆ ಆಟ ನಿಲ್ಲುತ್ತದೆ, ಕ್ಲಬ್ಬು ಹೋಗುತ್ತದೆ, ಮಾರ್ಚಿನಲ್ಲಿ ನನ್ನ ಹುಲ್ಲಿನ ಮೇಲೆ ಕಂಟೇನರು. ನಿಂತೇ ಇದ್ದೆ. ಮೈದಾನದ ನಡುವೆ ಇನ್ನೆಸ್ ಸಾಹೇಬರು ಅಬುಧಾಬಿಯ ಕ್ಯಾಪ್ಟನ್ನಿಗೆ ಕೈ ಕೊಡುತ್ತಿದ್ದರು. ಬಲಗಣ್ಣು ಮಾತ್ರ ತೆರೆದಿತ್ತು. ಎಡಗೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಆಗಲೂ ನಗುತ್ತಿದ್ದರು.

ಅವರು ಬಿದ್ದಲ್ಲಿಂದ ನಾನು ಹೆಜ್ಜೆ ಎತ್ತುವವರೆಗೆ ಎಂಟು ನಿಮಿಷ ಆಗಿತ್ತು. ಆ ಎಂಟು ನಿಮಿಷ ನನ್ನದು. ಅದರಲ್ಲಿ ಯಾರಿಗೂ ಪಾಲಿಲ್ಲ.

ಬೆಳಿಗ್ಗೆ ಹಚ್ಚಿದ ತೆಂಗಿನೆಣ್ಣೆಯ ಸೀಸೆ ಜೇಬಿನಲ್ಲೇ ಇತ್ತು, ತೆಗೆದು ಹಿಡಿದೆ. ನಡೆದುಕೊಂಡು ಹೋದೆ, ನಡು ಮೈದಾನದವರೆಗೆ. ರೆಫ್ರಿ ಕೈ ಅಡ್ಡ ಮಾಡಿದ. ಸಮಿತಿಯ ಮನುಷ್ಯ ನನ್ನ ಕಾಲಿನ ಚಪ್ಪಲಿ ನೋಡಿದರು.

"ಸರ್, ನಾಟ್ ಸ್ಯಾಂಡ್. ದಿಸ್ ವೈಟ್, ವಾಲ್ ಪೇಂಟಿಂಗ್ ಸುಣ್ಣ. ಬರ್ನಿಂಗ್ ಪೌಡರ್. ಐ ಪುಟ್. ಮೈ ಮಿಸ್ಟೇಕ್" ಎಂದೆ. ಸಾಹೇಬರ ಕಣ್ಣಿನ ಕಡೆಗೆ ಬೆರಳು ತೋರಿಸಿದೆ.

ಇನ್ನೆಸ್ ಸಾಹೇಬರ ನಗೆ ಇಳಿಯಿತು. ನಾನು ಸೀಸೆಯ ಮುಚ್ಚಳ ತೆಗೆದದ್ದನ್ನು ರೆಜಿನಾ ಸಿಸ್ಟರ್ ದೂರದಿಂದಲೇ ಕಂಡು ಕೂಗಿದರು.

"ಎಣ್ಣೆ ಹಾಕ್ಬೇಡಿ! ಪೂವಪ್ಪಣ್ಣ, ಎಣ್ಣೆ ಮುಟ್ಟಿಸ್ಬೇಡಿ ಅಂದೆ! ನೀರು! ಟ್ಯಾಂಕರಿಂದಲ್ಲ, ಕುಡಿಯುವ ನೀರು!"

ಆಟಗಾರರಿಗೆಂದು ತಂದಿಟ್ಟ ಬಾಟಲಿಗಳ ಪೆಟ್ಟಿಗೆ ಹೊತ್ತು ಓಡಿದೆ. ಸಿಸ್ಟರ್ ಸಾಹೇಬರನ್ನು ಹುಲ್ಲಿನ ಮೇಲೆ ಮಲಗಿಸಿ, ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದರು. ಒಂದಾದ ಮೇಲೊಂದು ಬಾಟಲಿ ನಾನು ಸುರಿದೆ. ಬಿಳಿಯ ಭಾಗ ಕೆಂಡದ ಹಾಗಿತ್ತು. ರೆಪ್ಪೆಯ ಒಳಗೆ ಸಣ್ಣ ಬಿಳಿ ಹರಳು. ಸಿಸ್ಟರ್ ಒದ್ದೆ ಹತ್ತಿಯಿಂದ ತೆಗೆಯುವಾಗ ಆ ಮನುಷ್ಯನ ಹಿಮ್ಮಡಿ ನೆಲವನ್ನು ಕೆರೆಯಿತು. ಬಾಯಲ್ಲಿ ಮಾತ್ರ ಏನೋ ಹೇಳುತ್ತಿದ್ದರು. ಸಿಸ್ಟರ್ ಅದನ್ನು ನನಗೆ ದಾಟಿಸಿದರು.

"ಅವರ ಅಜ್ಜನ ಕ್ಲಬ್ಬಲ್ಲೂ ಮೊದಲು ಸುಣ್ಣವೇ ಹಾಕ್ತಿದ್ರಂತೆ. ಆಮೇಲೆ ಯಾಕೆ ನಿಲ್ಲಿಸಿದ್ರು ಅಂತ ಈಗ ಗೊತ್ತಾಯ್ತು ಅಂತಾರೆ. ಎಂತ ಜನ ಮಾರಾಯ್ರೇ!"

ಹನ್ನೊಂದು ಬಾಟಲಿ ಆದ ಮೇಲೆ ಸಿಸ್ಟರ್ ಆಸ್ಪತ್ರೆಗೆ ಹೊರಡಲೇಬೇಕು ಎಂದರು. ಸಮಿತಿಯ ಮನುಷ್ಯ ಫೈಲು ತೆರೆದಿದ್ದರು. ಈ ನೆಲದ ಮೇಲೆ ಯಾರೂ ಆಡುವಂತಿಲ್ಲ ಎಂದರು. ಇನ್ನೆಸ್ ಸಾಹೇಬರು ಕಣ್ಣಿಗೆ ಬಟ್ಟೆ ಒತ್ತಿಕೊಂಡು ಎದ್ದು ನಿಂತು, ಎಷ್ಟು ಗಂಟೆಯವರೆಗೆ ಕಾಯುತ್ತೀರಿ ಎಂದು ಕೇಳಿದರು. ಲೈಟು ಇಲ್ಲ, ಆರಕ್ಕೆ ಕತ್ತಲಾಗುತ್ತದೆ, ಐದಕ್ಕೆ ಶುರುವಾಗದಿದ್ದರೆ ನಾನು ಹೊರಡುತ್ತೇನೆ ಎಂದು ಉತ್ತರ ಬಂತು. ಸಾಹೇಬರು ನನ್ನ ಕಡೆ ತಿರುಗಿದರು. ಬಯ್ಯಲಿಲ್ಲ.

"ಪೂವಾ, ಇದನ್ನು ತೆಗೆಯಲು ಆಗುತ್ತದಾ?"

ಗುಡಿಸಿದರೆ ಹೋಗುವುದಲ್ಲ, ಹಸಿ ಹುಲ್ಲಿನ ಬೇರಿಗೆ ಅಂಟಿತ್ತು. ನೀರು ಬಿಟ್ಟರೆ ಸುತ್ತ ಹರಡುತ್ತದೆ. ಒಂದೇ ದಾರಿ. ಗೆರೆ ಇದ್ದಲ್ಲೆಲ್ಲ ಹುಲ್ಲನ್ನೇ ಬೇರುಸಹಿತ ಕೆತ್ತಿ ಎಸೆಯಬೇಕು. ಹೊಂಡಕ್ಕೆ ಮರಳು ತುಂಬಬೇಕು. ಆ ಮರಳೇ ಗೆರೆ. ಮೂರು ಮುಕ್ಕಾಲು ಆಗಿತ್ತು.

"ಆಗ್ತದೆ ಸರ್" ಎಂದೆ. ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ.

ಗುದ್ದಲಿಗಳು ಉಗ್ರಾಣದಲ್ಲಿ, ಬೀಗದ ಕೈ ರಂಜಿತನಲ್ಲಿ. ರಜಾ ದಿನ ಕ್ಯಾಂಪಿನವರನ್ನು ಕೆಲಸಕ್ಕೆ ಎಬ್ಬಿಸುವುದು ನಿಯಮಕ್ಕೆ ವಿರುದ್ಧ. ಅವನ ಎದುರು ಹೋಗಿ ಕೈ ಚಾಚಿದೆ.

"ಹೇಳಿಯೇ ಬಿಟ್ರಲ್ಲ ನೀವು" ಎಂದ.

"ನಿನ್ನ ಹೆಸರು ಹೇಳ್ಲಿಲ್ಲ. ಕೀ ಕೊಡು."

ಗೊಂಚಲನ್ನು ನನ್ನ ಕೈಗೆ ಹಾಕಿ ಮುಖ ತಿರುಗಿಸಿದ.

ಬ್ಲಾಕುಗಳ ನಡುವೆ ನಿಂತು ಕೂಗಿದೆ. ಬಟ್ಟೆ ಒಗೆಯುತ್ತಿದ್ದವರು, ಕ್ರಿಕೆಟ್ ಆಡುತ್ತಿದ್ದವರು, ಊರಿಗೆ ಫೋನು ಮಾಡುತ್ತಿದ್ದವರು. ನಮ್ಮವರು, ನೇಪಾಳದವರು, ಪೇಶಾವರದವರು. ಕಾರಣ ಪೂರ್ತಿ ಹೇಳಲು ಪುರುಸೊತ್ತಿರಲಿಲ್ಲ. ನನ್ನ ಬಸಳೆ ತಿಂದ ಋಣವೋ ಏನೋ, ನಲವತ್ತು ಜನ ಬಂದರು. ಎಲ್ಲರಿಗೂ ಕೈಗವಸು ಹಾಕಿಸಿದೆ, ಮೂಗಿಗೆ ಬಟ್ಟೆ ಕಟ್ಟಿಸಿದೆ. ಗುದ್ದಲಿ ಹದಿನೆಂಟೇ ಇದ್ದವು. ಉಳಿದವರು ಗಾರೆಯ ಕರಣೆ ಹಿಡಿದರು, ತಗಡು ಹಿಡಿದರು.

ಮೊದಲ ಏಟು ನಾನೇ ಹಾಕಿದೆ. ಬೇರು ಹರಿಯುವ ಸದ್ದು ಕೇಳಿತು. ಒಂದು ವರ್ಷ ಇಷ್ಟಿಷ್ಟೇ ಹಬ್ಬಿದ್ದು. ನಾನು ತಲೆ ಎತ್ತದೆ ಕೆತ್ತುತ್ತ ಹೋದೆ.

ಒಂದು ಗುದ್ದಲಿಯ ಅಗಲ, ನಾಲ್ಕು ಬೆರಳಿನ ಆಳ. ಕೆತ್ತಿದ್ದು ಕೈಗಾಡಿಗೆ. ಹಿಂದಿನಿಂದ ಮರಳು, ಅದರ ಹಿಂದೆ ತುಳಿಯುವವರು. ಕಾಲು ಉಳುಕಬಾರದು, ನೆಲ ಒಂದೇ ಸಮ ಇರಬೇಕು. ನಾಲ್ಕು ಗಂಟೆಗೆ ಒಂದು ಬದಿಯೂ ಮುಗಿದಿರಲಿಲ್ಲ. ಸಮಿತಿಯ ಮನುಷ್ಯ ಗಡಿಯಾರ ನೋಡುತ್ತ ಹಿಂದೆ ಮುಂದೆ ನಡೆಯುತ್ತಿದ್ದರು. ನಾಲ್ಕು ಹದಿನೈದಕ್ಕೆ ನೇರಳೆ ಅಂಗಿಯವರು ಮರಳಿನ ಚೀಲಗಳಿಗೆ ಹೆಗಲು ಕೊಟ್ಟರು. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ ಅಬುಧಾಬಿಯವರೂ ಒಬ್ಬೊಬ್ಬರಾಗಿ ಇಳಿದರು. ಅವರಲ್ಲಿ ಬೋಳು ತಲೆಯ ಒಬ್ಬ ದೈತ್ಯ ಎರಡೆರಡು ಚೀಲ ಹೊತ್ತ.

"ಯಲ್ಲಾ ಭಾಯಿ, ಯಲ್ಲಾ! ಆ ಮೂಲೆ ಯಾರ ಅತ್ತೆ ಮನೆಗೆ ಬಿಟ್ಟಿದ್ದೀರಿ?" ಎಂದು ಯಾರೋ ಕೂಗಿದರು. ತಿರುಗಿ ನೋಡಿದರೆ ರಂಜಿತ. ಪ್ಯಾಂಟು ಮಡಚಿ ಗುದ್ದಲಿ ಹಿಡಿದಿದ್ದ. ಮುಖದಲ್ಲಿ ಸಿಟ್ಟು ಹಾಗೇ ಇತ್ತು.

ಎಲ್ಲ ಗೆರೆ ಆಗುವುದಿಲ್ಲ ಎಂದು ನಾಲ್ಕೂವರೆಗೆ ಗೊತ್ತಾಯಿತು. ರೆಫ್ರಿ ಬಂದು ಯಾವುದು ಬೇಕೇ ಬೇಕು ಎಂದು ತೋರಿಸಿದ. ಉಳಿದ ಗೆರೆಗಳ ಹುಲ್ಲನ್ನೂ ಕೆತ್ತಿ ಎಸೆದೆವು, ಮರಳು ಸುರಿದು ತುಳಿದೆವು, ಸರಿಯಾಗಿ ನೇರ ಮಾಡಲು ಹೋಗಲಿಲ್ಲ. ಕೊನೆಯ ಹತ್ತು ಗಜಕ್ಕೆ ಬಂದಾಗ ನನ್ನ ಬೆರಳ ಸಂದಿ ಉರಿಯುತ್ತಿತ್ತು. ನಾಲ್ಕು ಐವತ್ತಾರು.

ಸಮಿತಿಯ ಮನುಷ್ಯ ಗೆರೆಯ ಉದ್ದಕ್ಕೂ ನಡೆದರು. ಬಗ್ಗಿ, ಬರಿಗೈಯಲ್ಲಿ ಮರಳು ಹಿಡಿದು ಮೂಸಿದರು. ನಾಲಿಗೆಯ ತುದಿಗೂ ಮುಟ್ಟಿಸಿದರು. ಹಸಿರಿನಲ್ಲಿ ಕಂದು ಗೆರೆ. ತಲೆ ಅಲ್ಲಾಡಿಸಿದರು. ಅದು ಹೌದೋ ಅಲ್ಲವೋ ಗೊತ್ತಾಗಲಿಲ್ಲ. ಆಮೇಲೆ ರೆಫ್ರಿಗೆ ಹೇಳಿದರು, ಆಟದ ಒಂದೊಂದು ಅರ್ಧಕ್ಕೆ ಇಪ್ಪತ್ತೈದೇ ನಿಮಿಷ, ಒಬ್ಬನಿಗೆ ಕಣ್ಣು ಉರಿದರೂ ಅಲ್ಲಿಗೆ ಮುಕ್ತಾಯ.

ರೆಫ್ರಿ ಸೀಟಿ ಊದಿದ. ಇನ್ನೆಸ್ ಸಾಹೇಬರು ಇರಲಿಲ್ಲ. ಹೊರಡಲು ಒಪ್ಪದೆ ಕಾರಿನಲ್ಲೇ ಕೂತಿದ್ದವರನ್ನು ಸಿಸ್ಟರ್ ಗದರಿಸಿ ಕರೆದುಕೊಂಡು ಹೋಗಿದ್ದರು. ತಾನು ಕಟ್ಟಿದ ಕ್ಲಬ್ಬಿನ ಮೊದಲ ಆಟ ಆ ಮನುಷ್ಯ ನೋಡಲಿಲ್ಲ. ಮುಂದೆಯೂ ಆಡಲಿಲ್ಲ. ಕಣ್ಣು ಉಳಿಯಿತು, ಆದರೆ ಮೂಲೆಯಲ್ಲಿ ಒಂದು ಮಂಜು ನಿಂತುಬಿಟ್ಟಿತು. ಬೇಗ ತೊಳೆದಿದ್ದರೆ ಅಷ್ಟೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಹೇಳಿದ್ದನ್ನು ಸಾಹೇಬರು ನನ್ನಿಂದ ಮುಚ್ಚಿಟ್ಟರು. ನನಗೆ ಸಿಸ್ಟರಿಂದ ಗೊತ್ತಾಯಿತು.

ಆ ಹೊತ್ತಿಗೆ ಅದೊಂದೂ ತಿಳಿದಿರಲಿಲ್ಲ. ನಾನು ಕೊನೆಯ ಗೆರೆಯ ಪಕ್ಕ, ಮುಚ್ಚಳ ತೆಗೆದ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಸುಣ್ಣದ ಒಂದು ಹಿಡಿ ಎಲ್ಲಿಯಾದರೂ ಹುಲ್ಲಿನಲ್ಲಿ ಉಳಿದಿದ್ದರೆ? ಚೆಂಡು ಈ ಕಡೆ ಬಂದಾಗಲೆಲ್ಲ ಬಾಟಲಿ ಎತ್ತಿ ಹಿಡಿಯುತ್ತಿದ್ದೆ. ಮೊದಲರ್ಧ ಯಾರೂ ಗೆರೆ ಮುಟ್ಟಲಿಲ್ಲ. ಸಮಿತಿಯ ಮನುಷ್ಯ ಬಂದು ನನ್ನ ಪಕ್ಕದಲ್ಲೇ ನಿಂತರು.

ಬಿಸಿಲು ಗೋದಾಮಿನ ಹಿಂದೆ ಇಳಿಯುವಾಗ ಅಬುಧಾಬಿಯ ಆ ಬೋಳು ತಲೆಯವನಿಗೆ ಚೆಂಡು ಸಿಕ್ಕಿತು. ನಮ್ಮವರು ಇಬ್ಬರು ಕಾಲಿಗೆ ಜೋತುಬಿದ್ದರು. ಎಳೆದುಕೊಂಡೇ ಬಂದ. ನನ್ನ ಎದುರಿಗೇ ಗೆರೆಯ ಮೇಲೆ ಮುಖ ಅಡಿಯಾಗಿ ಬಿದ್ದ. ಮೇಲೆ ಇನ್ನೂ ಮೂವರು ಬಿದ್ದರು. ಮೂಗಿನವರೆಗೆ ಮರಳಿನಲ್ಲಿ ಹೂತುಹೋದ.

ಸೀಟಿ ಕೇಳಿತು, ಅಂಕ ಅಬುಧಾಬಿಯವರದು. ನಮ್ಮ ಕಡೆಯವರು ತಲೆ ಮೇಲೆ ಕೈ ಹೊತ್ತರು. ನಾನು ಮೊಣಕಾಲೂರಿ ಬಗ್ಗಿದೆ. ಪಕ್ಕದಲ್ಲಿ ಇನ್ನೊಬ್ಬರು ಬಗ್ಗಿದ್ದರು, ಫೈಲು ನೆಲದ ಮೇಲಿಟ್ಟು. ಮೇಲಿನವರು ಎದ್ದರೂ ಆ ದೈತ್ಯ ಏಳಲಿಲ್ಲ. ಒಂದು. ಎರಡು. ಮೂರು. ಆಮೇಲೆ ತಲೆ ಎತ್ತಿದ. ಥೂ ಎಂದು ಮರಳು ಉಗುಳಿದ. ಮುಖ ಒರೆಸಿಕೊಂಡ. ಕಣ್ಣು ತೆರೆದ. ಎರಡೂ ಕಣ್ಣು, ನೀಲಿ, ಸ್ವಚ್ಛ. ನಮ್ಮಿಬ್ಬರನ್ನು ನೋಡಿ, ಏನು ಎಂಬಂತೆ ಹುಬ್ಬು ಹಾರಿಸಿದ.

ಸಮಿತಿಯ ಮನುಷ್ಯ ಫೈಲು ಎತ್ತಿಕೊಂಡರು, ಮೊಣಕಾಲಿನ ಮೇಲಿಟ್ಟು ಅಲ್ಲಿಯೇ ಒಪ್ಪಿಗೆಯ ಸಹಿ ಹಾಕಿದರು. ನಾನು ಬಾಟಲಿ ಕೆಳಗೆ ಬಿಟ್ಟು ಚಪ್ಪಾಳೆ ತಟ್ಟಿದೆ. ಇಡೀ ಬದಿಯಲ್ಲಿ ತಟ್ಟಿದವನು ನಾನೊಬ್ಬನೇ.

"ಎಂತ ಪೂವಪ್ಪಣ್ಣ, ಮಂಡೆ ಸಮ ಉಂಟಾ?" ಹಿಂದಿನಿಂದ ರಂಜಿತ ಕೂಗಿದ. "ಗೆದ್ದದ್ದು ಅವ್ರು ಮಾರಾಯ್ರೇ, ಅವ್ರು!"

"ಗೊತ್ತುಂಟು" ಎಂದೆ. ತಟ್ಟುತ್ತಲೇ ಇದ್ದೆ.